ಹೈಬ್ರಿಡ್ ಕಾರೂ ಇಂಧನದ ಮಿತವ್ಯಯವೂ

ನಳಚರಿತ್ರೆಯನ್ನು ಓದಿದವರಿಗೆ ಬಾಹುಕನ ಪ್ರಸಂಗ ನೆನಪಿನಲ್ಲಿರದೆ ಹೋಗದು. ವಿರೂಪನಾಗಿ ಋತುಪರ್ಣನಲ್ಲಿ ಸಾರಥ್ಯಕ್ಕೆ ನಿಂತ ನಳನು, ನೋಡಲು ಬಡಕಲಾದ ಕುದುರೆಗಳನ್ನೇ ಆರಿಸಿ ರಥಕ್ಕೆ ಹೂಡಿ, ಒಂದೇ ದಿನದಲ್ಲಿ ಅಯೋಧ್ಯೆಯಿಂದ ವಿದರ್ಭಕ್ಕೆ ತನ್ನ ದೊರೆಯನ್ನು ಮುಟ್ಟಿಸಿದನು. ಇದು ಚಾವಟಿಯ ಬಲದಿಂದ ಆದ ಕಾರ್ಯವಲ್ಲ. ಅಶ್ವಹೃದಯವೆಂಬ ವಿದ್ಯೆಯ ಬಲದಿಂದ ಆದದ್ದು. ವಾಹನದ ಹೃದಯವನ್ನು ಅರಿತವನಿಗೆ ಅಲ್ಪಶಕ್ತಿಯಿಂದಲೂ ಮಹತ್ಕಾರ್ಯ ಸಾಧ್ಯ, ಅರಿಯದವನಿಗೆ ಉತ್ತಮ ವಾಹನವೂ ಅಲ್ಪಫಲವನ್ನೇ ಕೊಡುತ್ತದೆ ಎಂಬುದು ಆ ಕಥೆಯಲ್ಲಿ ಅಡಗಿರುವ ವ್ಯಾವಹಾರಿಕ ತತ್ತ್ವ. ಇಂದು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣಬರುತ್ತಿರುವ ಹೈಬ್ರಿಡ್ ಕಾರುಗಳ ವಿಷಯದಲ್ಲಿ ಈ ತತ್ತ್ವ ಅಕ್ಷರಶಃ ಸತ್ಯವಾಗಿದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಮೈಸೂರಿನಲ್ಲಿ ನೆಲೆಸಿರುವ ಒಬ್ಬ ನಿವೃತ್ತ ಉಪಾಧ್ಯಾಯರು ಮೂವತ್ತು ವರ್ಷ ಸಾಮಾನ್ಯ ಪೆಟ್ರೋಲು ಕಾರನ್ನು ನಡೆಸಿ ನುರಿತವರು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದು, ಲೀಟರಿಗೆ 27.97 ಕಿಲೋಮೀಟರು ಓಡುತ್ತದೆ ಎಂಬ ಪ್ರಕಟಣೆಯನ್ನು ನಂಬಿ, ಹೊಸ ಹೈಬ್ರಿಡ್ ಕಾರನ್ನು ಕೊಂಡರು. ಬೆಂಗಳೂರಿನಲ್ಲಿರುವ ಮಗಳ ಮನೆಗೆ ಎರಡು ಸಲ ಹೋಗಿಬಂದು ಲೆಕ್ಕ ಹಾಕಿದರೆ ಕಾರು ಕೊಟ್ಟದ್ದು ಲೀಟರಿಗೆ 19 ಕಿಲೋಮೀಟರು ಮಾತ್ರ. ಮೋಸಹೋದೆನೆಂಬ ಕಳವಳದಿಂದ ಅವರು ಕಾರ್ಯಾಗಾರಕ್ಕೆ ಹೋಗುತ್ತಾರೆ. ಅಲ್ಲಿಯ ಮೆಕ್ಯಾನಿಕ್ ಎಲ್ಲವನ್ನೂ ಪರೀಕ್ಷಿಸಿ, “ಮೇಷ್ಟ್ರೇ, ಗಾಡೀಲಿ ಏನೂ ದೋಷವಿಲ್ಲ. ತಾವು ಇದನ್ನು ಹಳೇ ಗಾಡೀನ ಓಡಿಸಿದ ಹಾಗೇ ಓಡಿಸ್ತಾ ಇದ್ದೀರಿ, ಅಷ್ಟೇ” ಎನ್ನುತ್ತಾನೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಈ ಮಾತು ಸ್ವಲ್ಪ ಕಹಿಯಾಗಿಯೇ ತೋರುವುದು ಸಹಜ. ಆದರೆ ಅದು ನಿಜ. ಹೀಗೆ ಹೊಸದಾಗಿ ವಿದ್ಯಾರ್ಥಿಯಾಗಬೇಕಾದ ಅನುಭವಿ ಚಾಲಕರಿಗೆ ಉಪಯುಕ್ತವಾಗಬಹುದಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸಿದೆ.

ಪದವೂ ಪದಾರ್ಥವೂ

ಹೈಬ್ರಿಡ್ ಎಂಬ ಪದ ಲ್ಯಾಟಿನ್ ಮೂಲದ್ದು. ಸಾಕಿದ ಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿಯನ್ನು ಆ ಭಾಷೆಯಲ್ಲಿ ಹಾಗೆ ಕರೆಯುತ್ತಿದ್ದರು. ನಮ್ಮ ರೈತರಿಗೆ ಈ ಪದ ಹೊಸದಲ್ಲ. ಹೈಬ್ರಿಡ್ ಜೋಳವನ್ನು ಬೆಳೆದ ದಿನಗಳಿಂದ ಅದು ಕನ್ನಡದ ಪದವೇ ಆಗಿಹೋಗಿದೆ. ಸಂಕರ, ಮಿಶ್ರತಳಿ ಎಂಬುವು ಅದಕ್ಕೆ ಸಮಾನವಾದ ಮಾತುಗಳು. ಕಾರಿನ ವಿಷಯದಲ್ಲಿ ಈ ಸಂಕರ ಪೆಟ್ರೋಲು ಎಂಜಿನಿಗೂ ವಿದ್ಯುತ್ ಮೋಟಾರಿಗೂ ಆದದ್ದು. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಕೂಡಿಸಿ ಸಮಾಸ ಮಾಡಿದರೆ ಅದು ಅರಿಸಮಾಸವಾಗುತ್ತದೆಂದು ಕೇಶಿರಾಜನು ನಿಷೇಧಿಸಿದನಾದರೂ, ಪೂರ್ವಕವಿಗಳ ಪ್ರಯೋಗದಲ್ಲಿ ನೆಲೆಗೊಂಡವುಗಳಿಗೆ ಮನ್ನಣೆ ಕೊಟ್ಟನು. ಎಂಜಿನು ಮೋಟಾರುಗಳ ಈ ಸಮಾಸವೂ ಮೊದಲು ವಿಲಕ್ಷಣವೆನಿಸಿ, ಬಳಿಕ ಪ್ರಯೋಗಬಲದಿಂದ ಶಿಷ್ಟವೆನಿಸಿತು.

ಈ ಪ್ರಯೋಗದ ಚರಿತ್ರೆ ದೀರ್ಘವಾದದ್ದು. 1900ರಷ್ಟು ಹಿಂದೆಯೇ ಫರ್ಡಿನೆಂಡ್ ಪೋರ್ಷೆ ಎಂಬ ತಂತ್ರಜ್ಞನು ಆಸ್ಟ್ರಿಯದಲ್ಲಿ ಪೆಟ್ರೋಲು ಎಂಜಿನಿನಿಂದ ವಿದ್ಯುತ್ತನ್ನು ಉತ್ಪಾದಿಸಿ ಚಕ್ರಗಳಲ್ಲಿ ಅಳವಡಿಸಿದ ಮೋಟಾರುಗಳಿಗೆ ಒದಗಿಸುವ ವಾಹನವನ್ನು ರಚಿಸಿದ್ದನು. ಆದರೆ ಪೆಟ್ರೋಲು ಅಗ್ಗವಾಗಿದ್ದ ಕಾಲದಲ್ಲಿ ಆ ವಿಧಾನ ಬೆಳೆಯಲಿಲ್ಲ. ಜಪಾನಿನ ಟೊಯೋಟಾ ಸಂಸ್ಥೆ 1997ರ ಡಿಸೆಂಬರಿನಲ್ಲಿ ಪ್ರಿಯಸ್ ಎಂಬ ಕಾರನ್ನು ಮಾರುಕಟ್ಟೆಗೆ ತಂದಾಗ, ಬೃಹತ್ ಪ್ರಮಾಣದಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು ಜಗತ್ತಿಗೆ ದೊರೆಯಿತು. ಅದೇ 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ ಸ್ಥಾಪಿತವಾಗಿ, ಬೆಂಗಳೂರಿನ ಬಳಿಯ ಬಿಡದಿಯಲ್ಲಿ ನೆಲೆಯೂರಿತೆಂಬುದು ಕನ್ನಡಿಗರು ಗಮನಿಸತಕ್ಕ ಸಂಗತಿ. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಬಿಡದಿಯಲ್ಲಿ ಆರಂಭವಾಯಿತು. 2022ರಲ್ಲಿ ಅರ್ಬನ್ ಕ್ರೂಸರ್ ಹೈರೈಡರ್, ಅದರ ಸಹೋದರನಂತಿರುವ ಮಾರುತಿ ಸಂಸ್ಥೆಯ ಗ್ರ್ಯಾಂಡ್ ವಿಟಾರ, ಮತ್ತು ಇನ್ನೋವಾ ಹೈಕ್ರಾಸ್ ಕಾರುಗಳು ಅಲ್ಲಿಂದಲೇ ಹೊರಬಂದುವು. ಹೀಗೆ ಸಂಕರವಾಹನದ ಇತಿಹಾಸದಲ್ಲಿ ಕರ್ನಾಟಕದ ನೆಲಕ್ಕೂ ಒಂದು ಸ್ಥಾನವಿದೆ.

ವಾಹನದ ಹೃದಯ

ಪೆಟ್ರೋಲು ಎಂಜಿನಿಗೆ ಒಂದು ಸ್ವಭಾವವಿದೆ. ಹದವಾದ ಭಾರವನ್ನು ಹೊತ್ತು ಹದವಾದ ವೇಗದಲ್ಲಿ ತಿರುಗುವಾಗ ಅದು ಇಂಧನವನ್ನು ಚೆನ್ನಾಗಿ ದುಡಿಸಿಕೊಳ್ಳುತ್ತದೆ. ತೆವಳುವಾಗ, ನಿಂತು ಗುರುಗುಟ್ಟುವಾಗ, ಅಲ್ಪಭಾರದಲ್ಲಿ ಓಡುವಾಗ ಕುಡಿದದ್ದರಲ್ಲಿ ಬಹುಪಾಲು ಬಿಸಿಯಾಗಿ ಹೊರಗೆ ಹೋಗುತ್ತದೆ. 2015ರಲ್ಲಿ ಬಂದ ನಾಲ್ಕನೆಯ ಪೀಳಿಗೆಯ ಪ್ರಿಯಸ್ ಕಾರಿನ ಎಂಜಿನು ಅತ್ಯನುಕೂಲ ಸ್ಥಿತಿಯಲ್ಲಿ ಇಂಧನದ ಶಕ್ತಿಯಲ್ಲಿ ನೂರಕ್ಕೆ 40 ಪಾಲನ್ನು ಕೆಲಸವಾಗಿ ಮಾರ್ಪಡಿಸುವ ಮಟ್ಟ ಮುಟ್ಟಿತ್ತು. ಅಂಥ ಎಂಜಿನನ್ನೂ ಸಿಗ್ನಲ್ಲಿನಲ್ಲಿ ಸುಮ್ಮನೆ ಓಡಗೊಟ್ಟರೆ ಕೆಲಸದ ಪಾಲು ಶೂನ್ಯವೇ ಸರಿ. ವಿದ್ಯುತ್ ಮೋಟಾರಿನ ಸ್ವಭಾವ ಇದಕ್ಕೆ ವಿರುದ್ಧವಾದದ್ದು. ನಿಂತಲ್ಲಿಂದ ಏಳುವಾಗಲೇ ಅದರ ಬಲ ಹೆಚ್ಚು. ನಿಂತಾಗ ಅದು ಏನನ್ನೂ ಬೇಡದು.

ಈ ಇಬ್ಬರ ಸ್ವಭಾವವನ್ನು ಬಲ್ಲ ಒಂದು ಗಣಕಯಂತ್ರ ಕ್ಷಣಕ್ಷಣಕ್ಕೂ ಕೆಲಸವನ್ನು ಹಂಚುತ್ತದೆ. ನಿಂತಾಗ ಎಂಜಿನನ್ನು ಆರಿಸುತ್ತದೆ. ಮೆಲ್ಲನೆ ಹೊರಡುವಾಗ ಮೋಟಾರನ್ನು ಬಳಸುತ್ತದೆ. ವೇಗ ಹೆಚ್ಚಬೇಕಾದಾಗ ಎಂಜಿನನ್ನು ಎಬ್ಬಿಸಿ, ಅದು ಹದವಾಗಿ ದುಡಿಯುವ ಸ್ಥಿತಿಯಲ್ಲಿಯೇ ಇರುವಂತೆ ನೋಡಿಕೊಂಡು, ಮಿಕ್ಕ ಶಕ್ತಿಯನ್ನು ಬ್ಯಾಟರಿಗೆ ಕಳಿಸುತ್ತದೆ. ಇನ್ನೊಂದು ಮುಖ್ಯ ಪ್ರಯೋಜನ ಬ್ರೇಕಿನದು. ಸಾಮಾನ್ಯ ಕಾರಿನಲ್ಲಿ ಬ್ರೇಕು ಒತ್ತಿದಾಗ ಓಟದ ಶಕ್ತಿಯೆಲ್ಲ ಉಜ್ಜಿ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಹೈಬ್ರಿಡ್ ಕಾರಿನಲ್ಲಿ ಅದೇ ಮೋಟಾರು ಆಗ ಡೈನಮೋ ಆಗಿ ತಿರುಗಿ, ಆ ಶಕ್ತಿಯಲ್ಲಿ ಒಂದು ಪಾಲನ್ನು ವಿದ್ಯುತ್ತಾಗಿ ಮಾಡಿ ಬ್ಯಾಟರಿಯಲ್ಲಿ ಕೂಡಿಡುತ್ತದೆ.

ಇದರ ಬೆಲೆ ಎಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಜನರೂ ಸೇರಿ 1500 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 208 ಕಿಲೋಜೂಲು. ಆ ವೇಗವನ್ನು ಮತ್ತೆ ಗಳಿಸಲು ಸಾಮಾನ್ಯ ಎಂಜಿನು ಸುಮಾರು 20ರಿಂದ 25 ಮಿಲಿಲೀಟರು, ಎಂದರೆ ನಾಲ್ಕೈದು ಸಣ್ಣ ಚಮಚದಷ್ಟು ಪೆಟ್ರೋಲನ್ನು ಉರಿಸಬೇಕು. ಒಮ್ಮೆಗೆ ಇದು ಅಲ್ಪವೆನಿಸಬಹುದು. ಆದರೆ ನಗರದಲ್ಲಿ ನೂರು ಸಲ ಹೀಗೆ ನಿಂತು ಹೊರಟರೆ ಎರಡು ಲೀಟರಿಗೂ ಮಿಕ್ಕಿ ಕರಗಿಹೋಗುತ್ತದೆ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಸಲ್ಲುವಂತೆ ನಷ್ಟಕ್ಕೂ ಸಲ್ಲುತ್ತದೆ.

ಬ್ಯಾಟರಿಯ ವಿಷಯದಲ್ಲಿ ಅನೇಕರಿಗೆ ಒಂದು ಭ್ರಮೆಯುಂಟು. ಮನೆಯ ವಿದ್ಯುತ್ತಿನಿಂದ ತುಂಬಿಸುವ ಕಾರುಗಳಂತೆ ಇದೂ ಬಹುದೂರ ವಿದ್ಯುತ್ತಿನಿಂದಲೇ ಓಡಬಲ್ಲದೆಂದು ಅವರು ತಿಳಿಯುತ್ತಾರೆ. ಹೈರೈಡರ್ ಕಾರಿನ ಬ್ಯಾಟರಿಯ ಧಾರಣಶಕ್ತಿ 0.76 ಕಿಲೋವ್ಯಾಟ್ ಗಂಟೆ ಮಾತ್ರ. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಕಿಲೋವ್ಯಾಟ್ ಗಂಟೆ. ಆದಕಾರಣ ಈ ಬ್ಯಾಟರಿ ಕೆರೆಯಲ್ಲ. ಬಾವಿಕಟ್ಟೆಯ ಮೇಲಿಟ್ಟ ಒಂದು ತಂಬಿಗೆ. ಅದನ್ನು ಮತ್ತೆ ಮತ್ತೆ ತುಂಬುತ್ತ ಬರಿದುಮಾಡುತ್ತ ಇರುವುದರಲ್ಲಿಯೇ ಅದರ ಸಾರ್ಥಕ್ಯವಿದೆ. ಅದರೊಳಗಿನ ವಿದ್ಯುತ್ತು ಕೂಡ ಮೂಲತಃ ಪೆಟ್ರೋಲಿನಿಂದಲೇ ಬಂದದ್ದು ಎಂಬುದನ್ನು ಮರೆಯಬಾರದು.

ಅಭ್ಯಾಸದ ಕ್ರಮ

ಹೃದಯವನ್ನು ಅರಿತ ಬಳಿಕ ಹಸ್ತಪಾದಗಳ ಅಭ್ಯಾಸ. ಹಳೆಯ ಚಾಲಕನು ಮೊದಲು ಬಿಡಬೇಕಾದದ್ದು ಎಂಜಿನು ಎದ್ದಾಗಲೆಲ್ಲ ಹೆದರಿ ಕಾಲನ್ನು ಹಿಂತೆಗೆಯುವ ಚಪಲವನ್ನು. ವಿದ್ಯುತ್ತಿನಿಂದಲೇ ಓಡಿಸಿದರೆ ಖರ್ಚಿಲ್ಲವೆಂದು ಬಗೆದು ಕೆಲವರು ಬಸವನ ಹುಳುವಿನಂತೆ ತೆವಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಬ್ಯಾಟರಿ ಬರಿದಾಗುತ್ತದೆ. ಆಗ ಎಂಜಿನು ಎದ್ದು, ಕಾರನ್ನೂ ಓಡಿಸಿ ಬ್ಯಾಟರಿಯನ್ನೂ ತುಂಬಬೇಕಾಗುತ್ತದೆ. ಪೆಟ್ರೋಲಿನ ಶಕ್ತಿ ವಿದ್ಯುತ್ತಾಗುವಾಗ ಒಂದಿಷ್ಟು, ಬ್ಯಾಟರಿಗೆ ಹೋಗುವಾಗ ಒಂದಿಷ್ಟು, ಅಲ್ಲಿಂದ ಮರಳುವಾಗ ಒಂದಿಷ್ಟು ಸೋರುತ್ತದೆ. ಕೈಯಿಂದ ಕೈಗೆ ದಾಟಿಸಿದ ಎಣ್ಣೆಯಂತೆ ಪ್ರತಿ ಪಾತ್ರೆಗೂ ಒಂದಿಷ್ಟು ಅಂಟಿಕೊಳ್ಳುತ್ತದೆ. ಆದುದರಿಂದ ಹೊರಡುವಾಗ ಹದವಾಗಿ, ಅಂಜದೆ, ಅಬ್ಬರಿಸದೆ ವೇಗವನ್ನು ಗಳಿಸಿ, ಬೇಕಾದ ವೇಗ ಬಂದೊಡನೆ ಕಾಲನ್ನು ಸಡಿಲಿಸುವುದು ಸರಿಯಾದ ಕ್ರಮ. ಚಾಲಕನ ಮುಂದಿರುವ ಫಲಕದಲ್ಲಿ ಸಾಮಾನ್ಯವಾಗಿ ಮೂರು ವಲಯಗಳಿರುತ್ತವೆ: ಚಾರ್ಜ್, ಇಕೋ, ಪವರ್. ಮುಳ್ಳು ಪವರ್ ವಲಯಕ್ಕೆ ಜಿಗಿಯದೆ ಇಕೋ ವಲಯದ ಮೇಲ್ಭಾಗದಲ್ಲಿ ನಿಂತು ವೇಗ ಗಳಿಸಿದರೆ ಸಾಕು.

ಎರಡನೆಯದು ತೇಲಿಕೆ. ವೇಗ ಬಂದ ಬಳಿಕ ಆಕ್ಸಿಲರೇಟರನ್ನು ಸಂಪೂರ್ಣ ಬಿಟ್ಟು, ಮತ್ತೆ ಅತ್ಯಲ್ಪವಾಗಿ ಒತ್ತಿದರೆ ಎಂಜಿನು ಆರಿ, ಬ್ಯಾಟರಿಯಿಂದಲೂ ಹೆಚ್ಚೇನೂ ಹರಿಯದೆ, ಕಾರು ತನ್ನ ಓಟದ ಬಲದಿಂದಲೇ ದೋಣಿಯಂತೆ ತೇಲುತ್ತದೆ. ಸಮನೆಲದಲ್ಲಿ ವೇಗ ನಿಧಾನವಾಗಿ ಇಳಿಯುತ್ತದೆ. ಇಳಿದಾಗ ಮತ್ತೆ ಹದವಾಗಿ ಏರಿಸಬೇಕು. ವಾಹನಗಳ ದಟ್ಟಣೆಯಿಲ್ಲದ ನಗರದ ಹೊರವಲಯಗಳಲ್ಲಿ ಈ ಕ್ರಮ ಬಹಳ ಫಲಕಾರಿ. ಆದರೆ ತೇಲಿಸುವುದಕ್ಕೆಂದು ಗೇರನ್ನು ನ್ಯೂಟ್ರಲ್ ಸ್ಥಾನಕ್ಕೆ ತರುವ ಹಳೆಯ ಚಾಳಿಯನ್ನು ಖಂಡಿತವಾಗಿ ಬಿಡಬೇಕು. ನ್ಯೂಟ್ರಲ್ಲಿನಲ್ಲಿ ಬ್ಯಾಟರಿ ತುಂಬುವುದಿಲ್ಲ. ಇಳಿಜಾರಿನಲ್ಲಂತೂ ಅದು ಅಪಾಯಕರ.

ಮೂರನೆಯದು ಬ್ರೇಕು. ಒಮ್ಮೆಲೇ ಗಟ್ಟಿಯಾಗಿ ಒತ್ತಿದರೆ ಮೋಟಾರು ಅಷ್ಟನ್ನೂ ಹೀರಿಕೊಳ್ಳಲಾರದೆ ಸಾಮಾನ್ಯ ಬ್ರೇಕು ಕೆಲಸ ಮಾಡುತ್ತದೆ. ಶಕ್ತಿ ಬಿಸಿಯಾಗಿ ಹೋಗುತ್ತದೆ. ದೂರದಿಂದಲೇ ಮೆಲ್ಲನೆ ಒತ್ತುತ್ತ ಬಂದರೆ ಬಹುಪಾಲು ಬ್ಯಾಟರಿಗೆ ಸಲ್ಲುತ್ತದೆ. ಇದಕ್ಕೂ ಮೇಲಾದದ್ದು ಬ್ರೇಕನ್ನು ಒತ್ತುವ ಪ್ರಸಂಗವನ್ನೇ ತಪ್ಪಿಸುವುದು. ಮರಳಿ ಪಡೆದ ಶಕ್ತಿಯಲ್ಲಿ ಸೋರಿಕೆಯುಂಟು. ಕಳೆಯದೆ ಉಳಿಸಿಕೊಂಡ ಶಕ್ತಿಯಲ್ಲಿ ಅದಿಲ್ಲ. ಮುಂದಿನ ಸಿಗ್ನಲ್ಲಿನ ಕೆಂಪು ದೀಪ, ಬಸ್ಸು ನಿಲ್ಲುವ ಸ್ಥಳ, ರಸ್ತೆಯ ಉಬ್ಬು, ಅಡ್ಡಬರುತ್ತಿರುವ ದನ, ಇವನ್ನು ದೂರದಿಂದಲೇ ಕಂಡು ಕಾಲನ್ನು ಸಡಿಲಿಸುವವನು ಹೆಚ್ಚು ದೂರ ಓಡುತ್ತಾನೆ. ಎತ್ತಿನ ಗಾಡಿಯ ನುರಿತ ಸವಾರನು ಏರಿನ ಬುಡದಲ್ಲಿ ಎತ್ತುಗಳನ್ನು ಹುರಿದುಂಬಿಸಿ ಇಳಿಜಾರಿನಲ್ಲಿ ಹಗ್ಗವನ್ನು ಹಿಡಿಯುತ್ತಿದ್ದುದು ಇದೇ ವಿವೇಕದಿಂದ. ಇಂಧನದ ಉಳಿತಾಯ ಪಾದಕ್ಕಿಂತ ಮೊದಲು ಕಣ್ಣಿನಲ್ಲಿ ಆರಂಭವಾಗುತ್ತದೆ.

ಎಂಜಿನಿನ ಬಿಸಿಯ ವಿಷಯವೂ ಗಮನಾರ್ಹ. ಬೆಳಗ್ಗೆ ತಣ್ಣಗಿರುವ ಎಂಜಿನು, ತಾನೂ ಬಿಸಿಯಾಗಿ, ಹೊಗೆಯನ್ನು ಶುದ್ಧಿಮಾಡುವ ಉಪಕರಣವನ್ನೂ ಬಿಸಿಮಾಡುವ ತನಕ, ಅವಶ್ಯಕವಿಲ್ಲದಿದ್ದರೂ ಓಡುತ್ತದೆ. ಹಾಲಿಗೊಮ್ಮೆ, ತರಕಾರಿಗೊಮ್ಮೆ, ಅಂಚೆ ಕಚೇರಿಗೊಮ್ಮೆ ಎರಡೆರಡು ಕಿಲೋಮೀಟರು ಹೋಗಿಬರುವವರ ಕಾರು ಸದಾ ಈ ಸ್ಥಿತಿಯಲ್ಲಿಯೇ ಉಳಿದು ಇಂಧನವನ್ನು ಹೆಚ್ಚಾಗಿ ಬೇಡುತ್ತದೆ. ಎಲ್ಲ ಕೆಲಸಗಳನ್ನೂ ಒಂದೇ ಸುತ್ತಿನಲ್ಲಿ ಮುಗಿಸುವುದು ಜಾಣತನ. ಸಮೀಪದ ಕೆಲಸಕ್ಕೆ ಕಾಲ್ನಡಿಗೆ ಅದಕ್ಕಿಂತಲೂ ಮೇಲು.

ಹೆದ್ದಾರಿಯೂ ಘಟ್ಟವೂ

ಸಾಮಾನ್ಯ ಕಾರುಗಳು ನಗರದಲ್ಲಿ ಹೆಚ್ಚು ಕುಡಿದು ಹೆದ್ದಾರಿಯಲ್ಲಿ ಕಡಿಮೆ ಕುಡಿಯುತ್ತವೆ. ಹೈಬ್ರಿಡ್ ಕಾರಿನ ಹಿರಿಮೆ ನಗರದಲ್ಲಿಯೇ ಹೆಚ್ಚಾಗಿ ತೋರುತ್ತದೆ. ಒಂದೇ ಸಮನೆ ವೇಗವಾಗಿ ಓಡುವ ಹೆದ್ದಾರಿಯಲ್ಲಿ ಅದಕ್ಕೆ ಬ್ರೇಕಿನಿಂದ ಮರಳಿ ಪಡೆಯುವುದು ಏನೂ ಇರದು. ಮೇಲಾಗಿ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಗಾಳಿಯನ್ನು ಸೀಳಲು ಬೇಕಾದ ಬಲ 1 ಎಂದಿಟ್ಟುಕೊಂಡರೆ 100ರಲ್ಲಿ ಅದು 1.56 ಆಗುತ್ತದೆ. ಮೇಷ್ಟ್ರ ಕಾರು ಬೆಂಗಳೂರಿನ ಪ್ರಯಾಣದಲ್ಲಿ ನಿರಾಶೆಗೊಳಿಸಿದ್ದಕ್ಕೆ ಮುಖ್ಯ ಕಾರಣ ಇಲ್ಲಿದೆ. 2023ರ ಮಾರ್ಚಿಯಲ್ಲಿ ಲೋಕಾರ್ಪಣೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 118 ಕಿಲೋಮೀಟರು ಉದ್ದದ್ದು. ಅದನ್ನು 100ರ ವೇಗದಲ್ಲಿ ಕ್ರಮಿಸಲು ಸುಮಾರು 71 ನಿಮಿಷ, 80ರ ವೇಗದಲ್ಲಿ ಸುಮಾರು 89 ನಿಮಿಷ ಬೇಕು. ಹದಿನೆಂಟು ನಿಮಿಷಗಳ ಲಾಭಕ್ಕಾಗಿ ದಾರಿಯುದ್ದಕ್ಕೂ ಗಾಳಿಗೆ ಒಂದೂವರೆ ಪಟ್ಟು ಕಪ್ಪವನ್ನು ಒಪ್ಪಿಸಬೇಕಾಗುತ್ತದೆ. ನಿವೃತ್ತರಿಗೆ ಆ ಹದಿನೆಂಟು ನಿಮಿಷ ಅಷ್ಟು ದುಬಾರಿಯಲ್ಲ. ನಿಧಾನವಾಗಿ ಹೋಗುವವರು ಎಡಗಡೆಯ ಪಥದಲ್ಲಿ ಹೋಗಬೇಕೆಂಬುದನ್ನು ಮಾತ್ರ ಮರೆಯಲಾಗದು.

ಘಟ್ಟದ ಇಳಿಜಾರು ಬೇರೊಂದು ಪಾಠವನ್ನು ಕಲಿಸುತ್ತದೆ. ಅದೇ 1500 ಕಿಲೋಗ್ರಾಂ ತೂಕದ ಕಾರು 100 ಮೀಟರು ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 0.4 ಕಿಲೋವ್ಯಾಟ್ ಗಂಟೆ. ಶಿರಾಡಿ, ಚಾರ್ಮಾಡಿ ಮುಂತಾದ ಘಟ್ಟಗಳಲ್ಲಿ ನೂರಾರು ಮೀಟರುಗಳ ಇಳಿತವಿರುವುದರಿಂದ ಮೇಲೆ ಹೇಳಿದ ತಂಬಿಗೆ ಬೇಗನೆ ತುಂಬಿ ತುಳುಕುತ್ತದೆ. ಬ್ಯಾಟರಿ ತುಂಬಿದ ಬಳಿಕ ಮೋಟಾರು ಹೆಚ್ಚಿನದನ್ನು ಹೀರಲಾರದು. ಆಗ ಬರಿಯ ಬ್ರೇಕನ್ನೇ ನೆಚ್ಚಿದರೆ ಅದು ಕಾದು ಬಲಗುಂದುವ ಭಯವಿದೆ. ಟೊಯೋಟಾ ಪದ್ಧತಿಯ ಕಾರುಗಳಲ್ಲಿ ಗೇರಿನ ಬಳಿ ಇರುವ ‘ಬಿ’ ಎಂಬ ಸ್ಥಾನ ಇಂಥ ಪ್ರಸಂಗಕ್ಕಾಗಿಯೇ ಇದೆ. ಅದರಲ್ಲಿ ಎಂಜಿನು ಇಂಧನವನ್ನು ಉರಿಸದೆ ತಿರುಗಿ ಕಾರಿನ ಓಟವನ್ನು ತಡೆಯುತ್ತದೆ. ಹೆಚ್ಚು ವಿದ್ಯುತ್ತು ಬರುವುದೆಂದು ತಿಳಿದು ಸಮತಟ್ಟಾದ ರಸ್ತೆಯಲ್ಲಿಯೂ ಅದನ್ನು ಬಳಸುವವರುಂಟು, ಅದು ತಪ್ಪು. ನಿತ್ಯದ ಓಡಾಟಕ್ಕೆ ‘ಡಿ’ ಸ್ಥಾನವೇ ಯೋಗ್ಯ.

ಅಂಕಿಗಳ ಸತ್ಯ

ಪ್ರಕಟಣೆಯ 27.97 ಎಂಬ ಅಂಕಿ ಹಾಗಾದರೆ ಸುಳ್ಳೇ ಎಂಬ ಪ್ರಶ್ನೆ ಏಳುತ್ತದೆ. ಸುಳ್ಳಲ್ಲ, ಆದರೆ ಅದು ಪರೀಕ್ಷಾಮಂದಿರದ ಸತ್ಯ. 2022ರಲ್ಲಿ ಈ ಅಂಕಿ ಪ್ರಕಟವಾದಾಗ ಬಳಕೆಯಲ್ಲಿದ್ದ ಭಾರತೀಯ ಪರೀಕ್ಷಾಕ್ರಮದಲ್ಲಿ, ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗಗಳ ಪಟ್ಟಿಯಂತೆ, ಗಂಟೆಗೆ 90 ಕಿಲೋಮೀಟರು ಮೀರದಂತೆ, ಹವಾನಿಯಂತ್ರಣವನ್ನು ಬಳಸದೆ ಓಡಿಸುತ್ತಿದ್ದರು. ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಹೋಲಿಸುವುದಕ್ಕೆ ಆ ಕ್ರಮ ಉಪಯುಕ್ತ. ಮಳೆ, ಬಿಸಿಲು, ಗುಂಡಿ, ದಟ್ಟಣೆ, ಚಾಲಕನ ಮನೋಧರ್ಮ, ಇವು ಯಾವುವೂ ಆ ತಕ್ಕಡಿಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಪ್ರಥಮಶ್ರೇಣಿ ಪಡೆದ ವಿದ್ಯಾರ್ಥಿ ಜೀವನದಲ್ಲಿ ಹೇಗೆ ನಡೆಯುತ್ತಾನೆಂಬುದು ಬೇರೆಯ ಮಾತೆಂಬುದನ್ನು ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ.

ಸ್ವಂತ ಅಳತೆಯನ್ನು ಮಾಡಿಕೊಳ್ಳುವ ವಿಧಾನ ಸುಲಭವಾದದ್ದು. ಟ್ಯಾಂಕನ್ನು ತುಂಬಿಸಿ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಓಡಿದ ಕಿಲೋಮೀಟರುಗಳನ್ನು ಹಿಡಿಸಿದ ಲೀಟರುಗಳಿಂದ ಭಾಗಿಸಬೇಕು. ಒಂದು ಟ್ಯಾಂಕಿನ ಲೆಕ್ಕವನ್ನು ನಂಬದೆ ನಾಲ್ಕೈದನ್ನು ಕೂಡಿಸಿ ಸರಾಸರಿ ನೋಡಬೇಕು.

ಈ ಲೆಕ್ಕದಲ್ಲಿ ಕಣ್ಣನ್ನು ವಂಚಿಸುವ ಒಂದು ಸೂಕ್ಷ್ಮವಿದೆ. ಸಂಸ್ಥೆಯೊಂದರ ವ್ಯಾನು ಲೀಟರಿಗೆ 10 ಕಿಲೋಮೀಟರು ಓಡುತ್ತಿದ್ದು, ಚಾಲಕನ ಎಚ್ಚರದಿಂದ 12ಕ್ಕೆ ಏರಿತೆನ್ನಿ. ಇನ್ನೊಂದು ಕಾರು 20ರಿಂದ 25ಕ್ಕೆ ಏರಿತೆನ್ನಿ. ಎರಡನೆಯದೇ ಹೆಚ್ಚಿನ ಸಾಧನೆಯೆಂದು ತೋರುತ್ತದೆ. ಆದರೆ 1000 ಕಿಲೋಮೀಟರಿಗೆ ವ್ಯಾನು 100 ಲೀಟರಿನ ಬದಲು ಸುಮಾರು 83 ಲೀಟರು ಬಳಸಿ 17 ಲೀಟರು ಉಳಿಸುತ್ತದೆ. ಕಾರು 50ರ ಬದಲು 40 ಬಳಸಿ 10 ಲೀಟರು ಮಾತ್ರ ಉಳಿಸುತ್ತದೆ. ಹೆಚ್ಚು ಕುಡಿಯುವ ವಾಹನವನ್ನು ಸ್ವಲ್ಪ ತಿದ್ದಿದರೂ ದೊರೆಯುವ ಫಲ ದೊಡ್ಡದು. ಹೊಸ ಹೈಬ್ರಿಡ್ ಕಾರನ್ನು ಕೊಳ್ಳಲಾಗದವರೂ ತಮ್ಮ ಹಳೆಯ ವಾಹನದಲ್ಲಿಯೇ ಮೇಲಿನ ಅಭ್ಯಾಸಗಳಲ್ಲಿ ಬಹುಪಾಲನ್ನು ಪಾಲಿಸಿ ಪ್ರಯೋಜನ ಪಡೆಯಬಹುದು.

ಮೇಷ್ಟ್ರ ಲೆಕ್ಕಕ್ಕೆ ಮರಳಬಹುದು. ವರ್ಷಕ್ಕೆ 12,000 ಕಿಲೋಮೀಟರು ಓಡಿಸುವ ಅವರು ಅಭ್ಯಾಸಬಲದಿಂದ 19ನ್ನು 23ಕ್ಕೆ ಏರಿಸಿದರೆ, ಸುಮಾರು 632 ಲೀಟರಿನ ಸ್ಥಾನದಲ್ಲಿ 522 ಲೀಟರು ಸಾಕಾಗುತ್ತದೆ. ಉಳಿದದ್ದು 110 ಲೀಟರು. ಲೀಟರಿಗೆ 100 ರೂಪಾಯಿಯೆಂದು ಹಿಡಿದರೆ 11,000 ರೂಪಾಯಿ. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬರುವುದರಿಂದ, ಆಗಸಕ್ಕೆ ಸೇರುವ ಮಲಿನವಾಯುವಿನಲ್ಲಿ 250 ಕಿಲೋಗ್ರಾಮಿನಷ್ಟು ಕಡಿಮೆಯಾಗುತ್ತದೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುವಾಗ, ಈ ಉಳಿತಾಯ ಒಂದು ಮನೆಯದು ಮಾತ್ರವಲ್ಲ. ಆದರೂ ಒಂದು ಮಾತನ್ನು ಮುಚ್ಚಿಡಬಾರದು: ಹೈಬ್ರಿಡ್ ಕಾರಿನ ಬೆಲೆ ಸಾಮಾನ್ಯ ಕಾರಿಗಿಂತ ಲಕ್ಷಗಳಲ್ಲಿ ಹೆಚ್ಚು. ತಿಂಗಳಿಗೆ ನೂರಿನ್ನೂರು ಕಿಲೋಮೀಟರು ಓಡಿಸುವವರಿಗೆ ಆ ಹೆಚ್ಚುವರಿ ಹಣ ಪೆಟ್ರೋಲಿನ ರೂಪದಲ್ಲಿ ಹಿಂದಿರುಗುವುದು ಕಷ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಇಲ್ಲಿಯೂ ವಿವೇಕ.

ಸಣ್ಣ ಸಂಗತಿಗಳು

ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಕಾರು ಕೆಸರಿನಲ್ಲಿ ನಡೆದಂತೆ ಹೆಜ್ಜೆಹೆಜ್ಜೆಗೂ ಶ್ರಮಪಡುತ್ತದೆ. ಸರಿಯಾದ ಪ್ರಮಾಣವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಮೇಲೆ ಬರೆದಿರುತ್ತದೆ. ತಿಂಗಳಿಗೊಮ್ಮೆ ಟೈರು ತಣ್ಣಗಿರುವಾಗ ನೋಡಿಸಬೇಕು. ಕಾರಿನ ನೆತ್ತಿಯ ಮೇಲೆ ಸಾಮಾನು ಹೇರುವ ಚೌಕಟ್ಟನ್ನು ಬೇಡವಾದಾಗ ತೆಗೆದಿಡಬೇಕು. ಹವಾನಿಯಂತ್ರಣ ಯಂತ್ರ ಬ್ಯಾಟರಿಯ ವಿದ್ಯುತ್ತಿನಿಂದ ನಡೆಯುತ್ತದೆ. ಬ್ಯಾಟರಿ ಇಳಿದಾಗ ನಿಂತಲ್ಲಿಯೇ ಎಂಜಿನು ಏಳುವುದು ಇದರಿಂದಲೇ. ಬಿಸಿಲಿನಲ್ಲಿ ನಿಂತ ಕಾರಿನ ಕಿಟಕಿಗಳನ್ನು ಒಂದೆರಡು ನಿಮಿಷ ತೆರೆದು ಬಿಸಿಗಾಳಿಯನ್ನು ಹೊರಗಟ್ಟಿ ಆಮೇಲೆ ತಂಪುಮಾಡಿದರೆ ಅದರ ಹೊರೆ ತಗ್ಗುತ್ತದೆ. ಅನೇಕ ಕಾರುಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿಯ ಕಿಂಡಿ ಹಿಂದಿನ ಆಸನದ ಬಳಿ ಇರುತ್ತದೆ; ಅದನ್ನು ಚೀಲ, ಹಾಸುಗಳಿಂದ ಮುಚ್ಚಬಾರದು. ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟೇಜಿನವು. ಅವನ್ನು ತರಬೇತಿ ಪಡೆದವರಲ್ಲದೆ ಬೇರೆಯವರು ಮುಟ್ಟಲಾಗದು.

ಅತಿಯಾದರೆ

ಉಳಿತಾಯವೂ ಒಂದು ವ್ಯಸನವಾಗಬಲ್ಲದು. ಪೆಟ್ರೋಲಿನ ಬೆಲೆ ಮುಗಿಲು ಮುಟ್ಟಿದ 2008ರಲ್ಲಿ, ಹನಿ ಇಂಧನವನ್ನೂ ಹಿಂಡಿ ದೂರ ಓಡಿಸುವ ಹವ್ಯಾಸಕ್ಕೆ ಅಮೆರಿಕದಲ್ಲಿ ಹುಟ್ಟಿದ್ದ ಹೈಪರ್‌ಮೈಲಿಂಗ್ ಎಂಬ ಹೊಸ ಪದವನ್ನು ಆಕ್ಸ್‌ಫರ್ಡಿನ ಅಮೆರಿಕನ್ ನಿಘಂಟಿನವರು ಆ ವರ್ಷದ ಪದವೆಂದು ಆರಿಸಿದರು. ಆ ಹವ್ಯಾಸಿಗಳಿಂದ ಕಲಿಯತಕ್ಕದ್ದು ಬಹಳವಿದೆ; ಆದರೆ ಅವರಲ್ಲಿ ಕೆಲವರು ಗಾಳಿಯ ತಡೆಯನ್ನು ತಪ್ಪಿಸಲು ಲಾರಿಗಳ ಬೆನ್ನಿಗೆ ಅಂಟಿಕೊಂಡು ಓಡಿಸಿದ್ದೂ, ಕೆಂಪು ದೀಪದಲ್ಲಿ ನಿಲ್ಲಲೊಲ್ಲದೆ ತೇಲಿದ್ದೂ ಉಂಟು. ನಾಲ್ಕು ಚಮಚ ಪೆಟ್ರೋಲಿಗಾಗಿ ಪ್ರಾಣವನ್ನು ಪಣವೊಡ್ಡುವುದು ಮಿತವ್ಯಯವಲ್ಲ, ಮೌಢ್ಯ.

ಇನ್ನೊಂದು ಅಪಾಯ ಈ ಕಾರಿನ ಗುಣದಿಂದಲೇ ಹುಟ್ಟಿದ್ದು. ಮೆಲ್ಲನೆ ಹೋಗುವಾಗ ಎಂಜಿನು ಆರಿರುವುದರಿಂದ ಕಾರು ಸದ್ದಿಲ್ಲದೆ ಬರುತ್ತದೆ. ಶಾಲೆಯ ಬಾಗಿಲಿನಲ್ಲಿ ಓಡಾಡುವ ಮಕ್ಕಳು, ಕಣ್ಣು ಕಾಣದವರು, ವೃದ್ಧರು ಕಿವಿಯನ್ನು ನಂಬಿ ದಾರಿ ದಾಟುತ್ತಾರೆ. ಯೂರೋಪಿನ ಒಕ್ಕೂಟದಲ್ಲಿ 2021ರ ಜುಲೈಯಿಂದ ಇಂಥ ಎಲ್ಲ ಹೊಸ ಕಾರುಗಳೂ ಅಲ್ಪವೇಗದಲ್ಲಿ ಎಚ್ಚರಿಕೆಯ ನಾದವನ್ನು ಹೊರಡಿಸಬೇಕೆಂಬ ಕಟ್ಟಳೆ ಬಂದದ್ದು ಈ ಕಾರಣದಿಂದ. ಯಂತ್ರ ನಾದ ಮಾಡಲಿ ಬಿಡಲಿ, ಶಾಲೆಯ ಆವರಣದಲ್ಲಿ ಹೆಜ್ಜೆಯ ವೇಗದಲ್ಲಿ, ಎರಡು ಕಡೆಯೂ ನೋಡುತ್ತ ಹೋಗುವುದು ಚಾಲಕನ ಧರ್ಮ. ಉಳಿಸಿದ ಇಂಧನದ ಲೆಕ್ಕವನ್ನು ಬರೆದಿಡಬಹುದು. ಉಳಿದ ಜೀವದ ಲೆಕ್ಕವನ್ನು ಯಾವ ಮೀಟರೂ ತೋರಿಸದು.

ಉಪಸಂಹಾರ

ಮೇಲೆ ಕಲ್ಪಿಸಿದ ಮೇಷ್ಟ್ರು ಮೂರು ನಾಲ್ಕು ತಿಂಗಳು ಶ್ರದ್ಧೆಯಿಂದ ಅಭ್ಯಾಸಮಾಡಿದರೆ ಅವರ ಪುಸ್ತಕದಲ್ಲಿ 19ರ ಸ್ಥಾನದಲ್ಲಿ 22, 23, ಕೆಲವೊಮ್ಮೆ 24 ಎಂಬ ಅಂಕಿಗಳು ಕಾಣಿಸಿಕೊಳ್ಳಬಹುದು. 27.97 ಬಹುಶಃ ಕಾಣಿಸದು. ಅದಕ್ಕಾಗಿ ಅವರು ಖಿನ್ನರಾಗಬೇಕಾಗಿಲ್ಲ. ಅವರಿಗೆ ದೊರೆತದ್ದು ಪೆಟ್ರೋಲು ಮಾತ್ರವಲ್ಲ. ಮುಂದಿನದನ್ನು ದೂರದಿಂದಲೇ ಕಾಣುವ ದೃಷ್ಟಿ, ಹಿಂದಿನಿಂದ ಹಾರನ್ನು ಬಾರಿಸಿದರೂ ಕದಲದ ತಾಳ್ಮೆ, ಊರು ತಲುಪಿದಾಗ ಆಯಾಸವಿಲ್ಲದ ದೇಹ, ಇವೂ ಆ ಲೆಕ್ಕಕ್ಕೆ ಸೇರಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಾಣ್ಣುಡಿಯನ್ನು ಹೈಬ್ರಿಡ್ ಕಾರು ಪ್ರತಿದಿನವೂ ಅಂಕಿಗಳಲ್ಲಿ ಬರೆದು ತೋರಿಸುತ್ತದೆ.

ನಳನಿಂದ ಅಶ್ವಹೃದಯವನ್ನು ಕಲಿಯಲು ಋತುಪರ್ಣ ಮಹಾರಾಜನು ನಾಚಲಿಲ್ಲ. ತನ್ನ ಸಾರಥಿಗೇ ಶಿಷ್ಯನಾದನು, ತಾನು ಬಲ್ಲ ಅಕ್ಷಹೃದಯವನ್ನು ಅವನಿಗೆ ಕಲಿಸಿ ಗುರುವೂ ಆದನು. ಮೆಕ್ಯಾನಿಕ್ಕಿನ ಒಂದು ಮಾತಿನಿಂದ ಪಾಠ ಕಲಿಯುವ ಮೇಷ್ಟ್ರೂ ಆ ಪರಂಪರೆಗೇ ಸೇರಿದವರು. ವಾಹನ ಹೊಸದಾದಾಗ ಚಾಲಕನೂ ಹೊಸಬನಾಗಬೇಕು. ಕಲಿತದ್ದನ್ನು ಬಿಟ್ಟು ಕಲಿಯುವ ಈ ವಿನಯವಿದ್ದವರಿಗೆ ಹೈಬ್ರಿಡ್ ಕಾರು ತನ್ನ ಹೃದಯವನ್ನು ತೆರೆದು ತೋರಿಸುತ್ತದೆ.